ಕಂಪವಾತದ ಕಾಣದ ಮುಖ

(ಶತಮಾನೋತ್ಸವದ ಅಂಗವಾಗಿ ನಡೆದ ಹಿರಿಯರ ದಿನದಂದು ಮಾಡಿದ ಭಾಷಣ)



ದೇವಾಲಯದ ನೂರು ವರ್ಷಗಳ ಸಂಭ್ರಮದಲ್ಲಿ ರೋಗವೊಂದರ ಕುರಿತು ಮಾತನಾಡುವುದು ಅಸಂಗತವೆಂದು ಕೆಲವರಿಗೆ ತೋರಬಹುದು. ಆದರೆ ಈ ನೂರು ವರ್ಷಗಳಲ್ಲಿ ಅರ್ಧದಷ್ಟನ್ನಾದರೂ ಕಣ್ಣಾರೆ ಕಂಡವರು ನಮ್ಮ ಹಿರಿಯರು. ಅವರಲ್ಲಿ ಕೆಲವರು ಇತ್ತೀಚೆಗೆ ಪೂಜೆಗೆ ಬರುತ್ತಿಲ್ಲ. ಅದಕ್ಕಿರುವ ಕಾರಣಗಳಲ್ಲಿ ಒಂದನ್ನು ತಮ್ಮ ಮುಂದಿಡುವುದೇ ಇಂದಿನ ನಮ್ಮ ಉದ್ದೇಶ.

ಮೊದಲಿಗೆ ನಮ್ಮದೇ ತಪ್ಪೊಂದನ್ನು ಒಪ್ಪಿಕೊಳ್ಳುತ್ತೇವೆ. ನಾವು ವೈದ್ಯವೃತ್ತಿಯನ್ನು ಆರಂಭಿಸಿದ ಹೊಸತರಲ್ಲಿ ವೃದ್ಧ ಉಪದೇಶಿಗಳೊಬ್ಬರು ನಮ್ಮಲ್ಲಿಗೆ ಬಂದರು. ಬಲಗೈ ನಡುಗುತ್ತಿತ್ತು, ನಡಿಗೆ ನಿಧಾನವಾಗಿತ್ತು. ಕಂಪವಾತವೆಂದು ಗುರುತಿಸಿ ಔಷಧ ಕೊಟ್ಟೆವು. ಕುರ್ಚಿಯಲ್ಲಿ ಕೂರಿಸಿ ರಕ್ತದೊತ್ತಡ ನೋಡಿದೆವು, ತುಸು ಹೆಚ್ಚಿತ್ತು. ಅದಕ್ಕೂ ಮಾತ್ರೆ ಬರೆದೆವು. “ಶುಭಸಂದೇಶಕ್ಕೆ ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತದೆ, ಡಾಕ್ಟರೇ” ಎಂದು ಅವರು ಹೇಳಿದಾಗ, “ವಯಸ್ಸಾಯಿತಲ್ಲವೇ” ಎಂದು ಸಮಾಧಾನ ಹೇಳಿ ಕಳುಹಿಸಿದೆವು. ಎರಡು ವಾರಗಳ ತರುವಾಯ ಒಂದು ಭಾನುವಾರ, ಶುಭಸಂದೇಶಕ್ಕೆ ಎದ್ದವರು ಬೆಂಚುಗಳ ನಡುವೆ ಕುಸಿದು ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಆಮೇಲೆ ಅವರು ನಡೆಯಲೇ ಇಲ್ಲ. ಅವರನ್ನು ನಿಲ್ಲಿಸಿ ರಕ್ತದೊತ್ತಡ ಅಳೆಯಲು ಬೇಕಾಗಿದ್ದುದು ಮೂರು ನಿಮಿಷ. ಆ ಮೂರು ನಿಮಿಷಗಳನ್ನು ನಾವು ಕೊಡಲಿಲ್ಲ.

ಅವರು ಏಕೆ ಬಿದ್ದರು? ಇದನ್ನು ತಿಳಿಯಲು ರೋಗದ ಚರಿತ್ರೆಯನ್ನು ತುಸು ನೋಡಬೇಕಾಗುತ್ತದೆ. 1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಆರು ಮಂದಿಯನ್ನು ಗಮನಿಸಿ ಈ ನಡುಕದ ರೋಗವನ್ನು ವಿವರಿಸಿದನು. ಮುಂದೆ ರೋಗಕ್ಕೆ ಅವನ ಹೆಸರೇ ನಿಂತಿತು. ಲೋಕವು ನಡುಕವನ್ನು ನೆನಪಿಟ್ಟಿತು. ಆದರೆ ಮಲಬದ್ಧತೆ, ಬಾಯಿಂದ ಜೊಲ್ಲು ಸುರಿಯುವುದು, ಮೂತ್ರದ ಮೇಲಿನ ಹತೋಟಿ ತಪ್ಪುವುದು, ಇವುಗಳನ್ನೂ ಅವನು ಅಂದೇ ಬರೆದಿದ್ದನು. ಮಿದುಳಿನ ಬುಡದಲ್ಲಿರುವ ಕಪ್ಪು ಬಣ್ಣದ ಸಣ್ಣ ಭಾಗವೊಂದರ ನರಕೋಶಗಳು ನಶಿಸಿ, ಡೋಪಮೀನ್ ಎಂಬ ರಾಸಾಯನಿಕವು ಕಡಿಮೆಯಾಗುವುದೇ ದೇಹದ ಬಿಗಿತಕ್ಕೂ ನಿಧಾನಗತಿಗೂ ಮುಖ್ಯ ಕಾರಣವೆಂಬುದು 1960ರ ಸುಮಾರಿಗೆ ಖಚಿತವಾಯಿತು. ಅದನ್ನು ತುಂಬಿಕೊಡುವ ಲೆವೊಡೋಪಾ ಎಂಬ ಔಷಧ ಬಂದಿತು. ನಮ್ಮ ಹಳ್ಳಿಗಳ ಬೇಲಿಗಳಲ್ಲಿ ಬೆಳೆಯುವ ನಸುಗುನ್ನಿಯ ಬೀಜದಲ್ಲಿಯೂ ಇದೇ ವಸ್ತುವಿದೆ. ಆದರೆ ಬೀಜದಿಂದ ಬೀಜಕ್ಕೆ ಅದರ ಪ್ರಮಾಣ ಬೇರೆಯಾದುದರಿಂದ ವೈದ್ಯರಿಗೆ ತಿಳಿಸದೆ ಅದನ್ನು ಸೇವಿಸುವುದು ತರವಲ್ಲ.

ಆದರೆ ಕಂಪವಾತವು ಆ ಕಪ್ಪು ಭಾಗಕ್ಕಷ್ಟೇ ಸೀಮಿತವಲ್ಲ. ಸತ್ತ ನರಕೋಶಗಳ ನಡುವೆ ಉಳಿದವುಗಳಲ್ಲಿ ದುಂಡನೆಯ ಗಂಟುಗಳಿರುತ್ತವೆ. 1912ರಲ್ಲಿ ಅವುಗಳನ್ನು ವಿವರಿಸಿದ ಫ್ರೆಡರಿಕ್ ಲೆವಿಯ ಹೆಸರಿನಿಂದಲೇ ಅವು ಪ್ರಸಿದ್ಧವಾಗಿವೆ. ಆಲ್ಫಾ ಸಿನ್ಯೂಕ್ಲಿಯಿನ್ ಎಂಬ ಪ್ರೋಟೀನು ಮಡಿಕೆ ತಪ್ಪಿ ಗಂಟುಕಟ್ಟುವುದರಿಂದ ಅವು ಉಂಟಾಗುತ್ತವೆಂಬುದು 1997ರಲ್ಲಿ ತಿಳಿದುಬಂದಿತು. ಇಂತಹ ಗಂಟುಗಳು ಕರುಳಿನ ಗೋಡೆಯ ನರಗಳಲ್ಲಿಯೂ ಹೃದಯಕ್ಕೆ ಹೋಗುವ ನರಗಳಲ್ಲಿಯೂ ಕಂಡುಬಂದಿವೆ. ಅನೇಕರಲ್ಲಿ ರೋಗವು ಮೂಗಿನ ಘ್ರಾಣನರಗಳಲ್ಲಿ ಇಲ್ಲವೇ ಕರುಳಿಗೆ ಸಂಬಂಧಿಸಿದ ವೇಗಸ್ ನರದ ಮೂಲದಲ್ಲಿ ಮೊದಲಾಗಿ ಕ್ರಮೇಣ ಮೇಲಕ್ಕೆ ಸಾಗುತ್ತದೆಂದು ಜರ್ಮನಿಯ ಹೈಕೊ ಬ್ರಾಕ್ 2003ರಲ್ಲಿ ಸೂಚಿಸಿದರು. ಎಲ್ಲ ರೋಗಿಗಳಿಗೂ ಇದು ಹೊಂದುವುದಿಲ್ಲವಾದರೂ, ಕೈ ನಡುಗುವುದಕ್ಕೆ ಹಲವು ವರ್ಷಗಳ ಮೊದಲೇ ಕೆಲವರಿಗೆ ಮಲಬದ್ಧತೆ ಕಾಡುವುದೂ ವಾಸನೆ ತಿಳಿಯದಿರುವುದೂ ಏಕೆಂಬುದು ಇದರಿಂದ ಅರ್ಥವಾಗುತ್ತದೆ. ಹಾಗೆಂದು ಮಲಬದ್ಧತೆಯುಳ್ಳವರೆಲ್ಲರೂ ಗಾಬರಿಪಡಬೇಕಾಗಿಲ್ಲ. ಅದಕ್ಕೆ ಸಾಮಾನ್ಯ ಕಾರಣಗಳೇ ಹೆಚ್ಚು.

ನಮ್ಮ ದೇಹದಲ್ಲಿ ನಮ್ಮ ಅಪ್ಪಣೆಗೆ ಕಾಯದೆ ದುಡಿಯುವ ನರಮಂಡಲವೊಂದುಂಟು. ಉಣ್ಣುವಾಗ ಕರುಳನ್ನು ನಡೆಸುವುದು, ಬಿಸಿಲಿನಲ್ಲಿ ಬೆವರಿಸುವುದು, ಮೂತ್ರಕೋಶವನ್ನು ಕಾಯುವುದು ಅದರ ಕೆಲಸ. ಮನೆಯವರೆಲ್ಲ ಮಲಗಿದ ಮೇಲೂ ಎಚ್ಚರವಿದ್ದು ಬಾಗಿಲು ನೋಡುವ ತಾಯಿಯಂತೆ ಅದು ದುಡಿಯುತ್ತದೆ. ನಾವು ಎದ್ದು ನಿಂತೊಡನೆ ಅರ್ಧ ಲೀಟರಿಗೂ ಮಿಗಿಲಾದ ರಕ್ತ ಕಾಲು ಮತ್ತು ಹೊಟ್ಟೆಯ ಕಡೆಗೆ ಇಳಿಯುತ್ತದೆ. ಆ ಕ್ಷಣದಲ್ಲಿ ಈ ನರಗಳು ನಾರ್‌ಅಡ್ರಿನಲೀನ್ ಸುರಿಸಿ ರಕ್ತನಾಳಗಳನ್ನು ಬಿಗಿದು, ಮಿದುಳಿಗೆ ರಕ್ತ ತಪ್ಪದಂತೆ ನೋಡಿಕೊಳ್ಳುತ್ತವೆ. ನರಗಳು ಕ್ಷೀಣಿಸಿದಾಗ ಈ ಬಿಗಿತವುಂಟಾಗದು. ನಿಂತ ಮೂರು ನಿಮಿಷಗಳೊಳಗೆ ಮೇಲಿನ ರಕ್ತದೊತ್ತಡ 20 ಅಥವಾ ಕೆಳಗಿನದು 10 ಅಂಕಗಳಷ್ಟು ಇಳಿದರೆ ದೋಷವಿದೆಯೆಂದು ತಿಳಿಯಬೇಕು. ಇದೇ ರೋಗಿಗೆ ಮಲಗಿದ್ದಾಗ ಒತ್ತಡ ಹೆಚ್ಚಿರುವುದೂ ಉಂಟು. ನಮ್ಮ ಉಪದೇಶಿಗಳ ವಿಷಯದಲ್ಲಿ ನಾವು ಮೋಸಹೋದುದು ಹೀಗೆಯೇ.

ಕಂಪವಾತವನ್ನು ಹೋಲುವ ಮತ್ತೊಂದು ರೋಗವೂ ಇದೆ. 1960ರಲ್ಲಿ ಷೈ ಮತ್ತು ಡ್ರೇಗರ್ ಎಂಬ ಅಮೆರಿಕದ ವೈದ್ಯರು ಅದನ್ನು ವಿವರಿಸಿದರು; ಈಗ ಅದನ್ನು ಬಹುವ್ಯವಸ್ಥಾ ಕ್ಷಯ ಎನ್ನಬಹುದಾದ ರೋಗಗುಂಪಿನಲ್ಲಿ ಸೇರಿಸಲಾಗಿದೆ. ಅದರಲ್ಲಿ ನಿಂತಾಗ ಮೂರ್ಛೆ ಹೋಗುವುದು, ಮೂತ್ರದ ತೊಂದರೆ ಇವು ಬಹು ಬೇಗನೆ, ಬಹು ತೀವ್ರವಾಗಿ ತೋರುತ್ತವೆ. ಲೆವೊಡೋಪಾ ಹೆಚ್ಚು ಫಲ ಕೊಡುವುದಿಲ್ಲ. ಕಂಪವಾತದಲ್ಲಿ ಹೃದಯವನ್ನು ಮುಟ್ಟುವ ನರಗಳ ತುದಿಗಳೇ ನಶಿಸುತ್ತವೆ. ಇದರಲ್ಲಾದರೋ ಕೆಡುಕು ಬಹುಮಟ್ಟಿಗೆ ಮಿದುಳು ಮತ್ತು ಬೆನ್ನುಹುರಿಯೊಳಗಿದ್ದು, ಹೃದಯದ ನರಗಳು ಸಾಮಾನ್ಯವಾಗಿ ಉಳಿದಿರುತ್ತವೆ. ಹೃದಯದ ವಿಶೇಷ ಸ್ಕ್ಯಾನಿನಿಂದ ಈ ಭೇದವನ್ನು ಅರಿಯಲು ನೆರವು ದೊರೆಯುತ್ತದೆ.

ಬಂಧುಗಳೇ, ನಶಿಸಿದ ನರಗಳನ್ನು ಮರಳಿ ಬೆಳೆಸುವ ಔಷಧ ಇಂದಿಗೂ ಇಲ್ಲ. ಆದರೆ ಬೀಳುವುದನ್ನು ತಪ್ಪಿಸಲು ಬಹಳಷ್ಟು ಮಾಡಬಹುದು. ರೋಗಿಯು ಹಾಸಿಗೆಯಿಂದ ಒಮ್ಮೆಲೇ ಏಳದೆ, ಅಂಚಿನಲ್ಲಿ ಒಂದೆರಡು ನಿಮಿಷ ಕುಳಿತು, ಕಾಲುಗಳನ್ನು ಆಡಿಸಿ, ಆಮೇಲೆ ನಿಲ್ಲಲಿ. ಹೃದಯ ಅಥವಾ ಮೂತ್ರಪಿಂಡದ ತೊಂದರೆಯಿಂದ ನೀರು ಮಿತಿಗೊಳಿಸಿದವರ ಹೊರತು ಉಳಿದವರು ಏಳುವ ಮುನ್ನ ಎರಡು ಲೋಟ ನೀರು ಕುಡಿದರೆ ಸ್ವಲ್ಪ ಹೊತ್ತು ಒತ್ತಡ ಏರುತ್ತದೆ. ಹೊಟ್ಟೆ ಬಿರಿಯುವಂತೆ ಉಂಡ ಮೇಲೂ ಬಿಸಿಲಿನಲ್ಲಿಯೂ ಒತ್ತಡ ಇಳಿಯುವುದರಿಂದ ಸ್ವಲ್ಪ ಸ್ವಲ್ಪವಾಗಿ ಉಣ್ಣುವುದು ಲೇಸು. ಮಂಚದ ತಲೆಯ ಭಾಗವನ್ನು ತುಸು ಎತ್ತರಿಸಬೇಕು. ರಕ್ತದೊತ್ತಡದ ಮಾತ್ರೆ, ಪ್ರಾಸ್ಟೇಟಿನ ಮಾತ್ರೆ, ಲೆವೊಡೋಪಾ ಕೂಡ ಒತ್ತಡವನ್ನು ಇಳಿಸಬಲ್ಲವು. ಆದುದರಿಂದ ಎಲ್ಲ ಮಾತ್ರೆಗಳನ್ನೂ ವೈದ್ಯರ ಮುಂದಿಟ್ಟು, “ನಿಲ್ಲಿಸಿ ನೋಡಿ” ಎಂದು ಕೇಳಿರಿ. ತಾವಾಗಿಯೇ ಯಾವುದನ್ನೂ ಬಿಡಬೇಡಿರಿ. ಲೆವೊಡೋಪಾವನ್ನು ಹಠಾತ್ತನೆ ನಿಲ್ಲಿಸುವುದು ಪ್ರಾಣಾಪಾಯಕರ.

ದೇವಾಲಯದಲ್ಲಿ ಯಾರಾದರೂ ಹೀಗೆ ಕುಸಿದರೆ ಎತ್ತಿ ಕುರ್ಚಿಯಲ್ಲಿ ಕೂರಿಸಲು ಹೋಗಬೇಡಿರಿ. ನೆಲದ ಮೇಲೆಯೇ ಮಲಗಿಸಿ ಕಾಲುಗಳನ್ನು ಮೇಲೆತ್ತಿ ಹಿಡಿಯಿರಿ. ಎಚ್ಚರ ಬೇಗನೆ ಮರಳದಿದ್ದರೆ, ಇಲ್ಲವೇ ಪೆಟ್ಟಾಗಿದ್ದರೆ ಆಸ್ಪತ್ರೆಗೆ ಸಾಗಿಸಬೇಕು.

ಪರಮಪ್ರಸಾದಕ್ಕೆ ಮುಂಚಿನ ಒಂದು ಗಂಟೆಯ ಉಪವಾಸವನ್ನು ನೀರಾಗಲಿ ಔಷಧವಾಗಲಿ ಮುರಿಯುವುದಿಲ್ಲ. ವೃದ್ಧರಿಗೂ ರೋಗಿಗಳಿಗೂ ಅವರ ಶುಶ್ರೂಷೆ ಮಾಡುವವರಿಗೂ ಆ ನಿಯಮದಿಂದ ವಿನಾಯಿತಿಯೇ ಇದೆ. ಇದನ್ನರಿಯದೆ ನೀರೂ ಕುಡಿಯದೆ, ಮಾತ್ರೆಯನ್ನೂ ನುಂಗದೆ ಬಂದು ಬಿದ್ದವರನ್ನು ನಾವು ಕಂಡಿದ್ದೇವೆ. ನಿಲ್ಲಲಾರದವರು ಕುಳಿತೇ ಶುಭಸಂದೇಶವನ್ನು ಆಲಿಸಿದರೆ ಅಗೌರವವೇನೂ ಆಗದು.

ಕೊನೆಯದಾಗಿ ಒಂದು ಮಾತು. ಈ ರೋಗಿಗಳನ್ನು ಮನೆಯಲ್ಲಿ ಕಟ್ಟಿಹಾಕುವುದು ನಡುಕಕ್ಕಿಂತ ಹೆಚ್ಚಾಗಿ ನಾಚಿಕೆ. ಜೊಲ್ಲು ಸುರಿಯುವುದು ಬಾಯಲ್ಲಿ ನೀರು ಹೆಚ್ಚಿ ಅಲ್ಲ, ನುಂಗುವ ಕ್ರಿಯೆ ನಿಧಾನವಾಗಿ. ಬಟ್ಟೆ ಒದ್ದೆಯಾಗುವುದು ಅಜಾಗರೂಕತೆಯಿಂದಲ್ಲ, ನರದೋಷದಿಂದ. 1986ರಲ್ಲಿ ಮಂಗಳೂರಿಗೆ ಬಂದಿದ್ದ ಜಗದ್ಗುರು ಎರಡನೇ ಜಾನ್ ಪೌಲರನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಮುಂದೆ ಅವರಿಗೂ ಇದೇ ರೋಗ ಬಂದಿತು. 2005ರ ಪಾಸ್ಖ ಭಾನುವಾರದಂದು ಕಿಟಕಿಗೆ ಬಂದು, ಮಾತು ಹೊರಡದೆ, ಮೌನವಾಗಿಯೇ ಕೈಯೆತ್ತಿ ಆಶೀರ್ವದಿಸಿದರು. ಅವರು ಮರೆಯಲ್ಲಿ ಉಳಿಯಲಿಲ್ಲ; ಜನರೂ ಮುಖ ತಿರುಗಿಸಲಿಲ್ಲ.

ನಮ್ಮ ಉಪದೇಶಿಗಳು ಮಲಗಿದ ಮಂಚದ ಬಳಿ ನಾವು ಕ್ಷಮೆ ಕೇಳಿದಾಗ ಅವರು, “ಮುಂದಿನವರನ್ನು ನಿಲ್ಲಿಸಿ ನೋಡಿ, ಡಾಕ್ಟರೇ” ಎಂದಷ್ಟೇ ಹೇಳಿದರು. ಅಂದಿನಿಂದ ನಾವು ನೋಡುತ್ತಿದ್ದೇವೆ. ಬರುವ ಭಾನುವಾರ ಪೂಜೆಗೆ ಹೊರಡುವಾಗ ತಾವು ನೆರೆಮನೆಯ ಹಿರಿಯರ ಬಾಗಿಲಲ್ಲಿ ಒಂದು ಕ್ಷಣ ನಿಂತು ವಿಚಾರಿಸಿರೆಂದು ಬೇಡಿಕೊಂಡು, ನಮ್ಮ ಮಾತುಗಳನ್ನು ಮುಗಿಸುತ್ತೇವೆ.