ಚಳಿಗಾಲದಲ್ಲಿ ಬೇಗ ಬಿತ್ತುವ ಟೊಮೆಟೊ: ತಳಿ ಆರಿಸುವುದು ಹೇಗೆ?

(ಮಹಾಸಂಘದ ಮಾಸಿಕ ಸಭೆಯಲ್ಲಿ ನೀಡಿದ ಮಾಹಿತಿಯ ಪಠ್ಯ)



ಭತ್ತದ ಕೊಯ್ಲು ಮುಗಿಯುತ್ತಾ ಬಂತು. ಇನ್ನು ಗದ್ದೆ ಖಾಲಿ. ಈ ಸಮಯದಲ್ಲಿ ಸಂಘದಿಂದ ಸಾಲ ತೆಗೆದು ಐದೋ ಹತ್ತೋ ಗುಂಟೆಯಲ್ಲಿ ಟೊಮೆಟೊ ಹಾಕೋಣ ಎಂದು ಹಲವರು ಕೇಳುತ್ತಿದ್ದೀರಿ. ಒಳ್ಳೆಯ ವಿಚಾರ. ಆದರೆ ಒಂದು ಮಾತು ನೆನಪಿರಲಿ: ಟೊಮೆಟೊ ಕೈಕೊಟ್ಟರೂ ಕಂತು ನಿಲ್ಲೋದಿಲ್ಲ. ಒಬ್ಬಳ ಕಂತು ತಪ್ಪಿದರೆ ಸಂಘದ ಎಲ್ಲರ ಉಳಿತಾಯಕ್ಕೂ ಪೆಟ್ಟು. ಆದ್ದರಿಂದ ಬೀಜ ಕೊಳ್ಳುವ ಮೊದಲೇ ನಾಲ್ಕು ವಿಷಯ ತಿಳಿದುಕೊಳ್ಳೋಣ.

ಬೇಗ ಯಾಕೆ ಬಿತ್ತಬೇಕು?

ಚಿಕ್ಕಮಗಳೂರು, ಸಕಲೇಶಪುರ, ಕೊಡಗಿನ ಕಡೆ ಜೂನ್ ತಿಂಗಳಲ್ಲಿ ಮಳೆ ಹಿಡಿಯಿತೆಂದರೆ ಬಯಲಿನ ಟೊಮೆಟೊ ಉಳಿಯುವುದು ಕಷ್ಟ. ಕಾಯಿ ಒಡೆಯುತ್ತದೆ, ಅಂಗಮಾರಿ ರೋಗ ಬಂದು ವಾರದೊಳಗೆ ಗಿಡ ಸುಟ್ಟಂತಾಗುತ್ತದೆ. ಹಾಗಾಗಿ ಮಳೆಗೆ ಮುಂಚೆ ಬೆಳೆ ಮುಗಿಯಬೇಕು.

ಲೆಕ್ಕ ಹಾಕಿ ನೋಡಿ. ನವೆಂಬರ್ ಕೊನೆಯಲ್ಲಿ ಬಿತ್ತಿದರೆ, ಚಳಿಯಲ್ಲಿ ಸಸಿ ನಿಧಾನ ಬೆಳೆಯುವುದರಿಂದ 35 ದಿನವಾದರೂ ಬೇಕು. ಜನವರಿ ಮೊದಲ ವಾರ ನಾಟಿ. ಮಾರ್ಚ್ ಮಧ್ಯಕ್ಕೆ ಮೊದಲ ಕೊಯ್ಲು. ಅಲ್ಲಿಂದ ಮೇ ತಿಂಗಳವರೆಗೂ ಹಣ್ಣು ಬಿಡಿಸಬಹುದು. ಅದೇ ಜನವರಿ ಮಧ್ಯದಲ್ಲಿ ಬಿತ್ತಿದರೆ ಮೊದಲ ಹಣ್ಣು ಕಾಣುವಾಗ ಏಪ್ರಿಲ್ ಕೊನೆ. ಕೈಗೆ ದುಡ್ಡು ಬರೋ ಹೊತ್ತಿಗೆ ಮಳೆ ಬಾಗಿಲಲ್ಲಿ ನಿಂತಿರ್ತದೆ.

ಬೆಲೆ ಮಾತ್ರ ಯಾರ ಕೈಯಲ್ಲೂ ಇಲ್ಲ. 2023ರ ಜುಲೈನಲ್ಲಿ ಟೊಮೆಟೊ ಕಿಲೋಗೆ 100 ರೂಪಾಯಿ ದಾಟಿದ್ದನ್ನು ನೋಡಿದ್ದೇವೆ. ಕೊಯ್ಲಿನ ಕೂಲಿಯೂ ಹುಟ್ಟದೆ ರಸ್ತೆ ಬದಿಗೆ ಸುರಿದದ್ದನ್ನೂ ನೋಡಿದ್ದೇವೆ. ಬೆಲೆ ನಮ್ಮ ಕೈಯಲ್ಲಿಲ್ಲ, ತಳಿ ಮತ್ತು ತಾರೀಖು ನಮ್ಮ ಕೈಯಲ್ಲಿದೆ.

ಚಳಿ ಏನು ಮಾಡುತ್ತದೆ?

ಟೊಮೆಟೊ ಬೆಚ್ಚಗಿನ ಸೀಮೆಯ ಗಿಡ. 25 ಡಿಗ್ರಿ ಉಷ್ಣತೆ ಇದ್ದರೆ ಬೀಜ ಆರು ದಿನದಲ್ಲಿ ಮೊಳೆಯುತ್ತದೆ. 15 ಡಿಗ್ರಿಯಲ್ಲಿ ಎರಡು ವಾರ ಬೇಕು. 10 ಡಿಗ್ರಿಗೆ ಇಳಿದರೆ ಒಂದು ತಿಂಗಳಿಗೂ ಮೇಲೆ, ಅಷ್ಟರಲ್ಲಿ ಬೀಜ ಮಣ್ಣಲ್ಲೇ ಕೊಳೆತರೂ ಕೊಳೆಯಿತು.

ಇನ್ನೊಂದು ತೊಂದರೆ ಹೂವಿನದು. ರಾತ್ರಿ ಉಷ್ಣತೆ 13 ಡಿಗ್ರಿಗಿಂತ ಕೆಳಗೆ ಹೋದರೆ ಸಾಮಾನ್ಯ ತಳಿಗಳಲ್ಲಿ ಪರಾಗ ಸರಿಯಾಗಿ ಬಲಿಯುವುದಿಲ್ಲ. ಗಿಡ ಹಸಿರಾಗಿ ಚೆನ್ನಾಗಿರ್ತದೆ, ಹೂವೂ ಬರ್ತದೆ, ಆದರೆ ಉದುರಿಹೋಗ್ತದೆ. ಕಚ್ಚಿದ ಕಾಯಿಯೂ ಸೊಟ್ಟಗೆ, ಗಂಟುಗಂಟಾಗಿ ಬರಬಹುದು. ಎಲೆಯ ಅಡಿ ನೇರಳೆ ಬಣ್ಣ ಬಂದರೆ ಹೆದರಿ ಯೂರಿಯಾ ಸುರಿಯಬೇಡಿ. ತಣ್ಣನೆಯ ಮಣ್ಣಿನಿಂದ ಬೇರು ರಂಜಕ ಎಳೆದುಕೊಳ್ಳಲು ಆಗದಿದ್ದಾಗ ಹೀಗಾಗುವುದುಂಟು. ಬಿಸಿಲು ಏರಿದಂತೆ ಸರಿಯಾಗುತ್ತದೆ.

ತಗ್ಗಿನ ಗದ್ದೆಯಲ್ಲಿ ಚಳಿ ಇನ್ನೂ ಹೆಚ್ಚು. ತಣ್ಣನೆ ಗಾಳಿ ನೀರಿನ ಹಾಗೆ ಕೆಳಗೆ ಹರಿದು ಅಲ್ಲೇ ನಿಲ್ಲುತ್ತದೆ. ಮನೆ ಹತ್ತಿರದ ಎತ್ತರದ ಜಾಗಕ್ಕೂ ಕೆಳಗಿನ ಗದ್ದೆಗೂ ಇರುವ ವ್ಯತ್ಯಾಸ ಬೆಳಗ್ಗೆ ಹಾಲಿಗೆ ಹೋಗುವ ನಿಮಗೇ ಗೊತ್ತು.

ಯಾವ ತಳಿ?

ಹೆಸರಿನ ಗುಟ್ಟು ಮೊದಲು ತಿಳಿಯೋಣ. ‘ಪೂಸಾ’ ಎಂದಿದ್ದರೆ ಅದು ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯದು. ‘ಅರ್ಕಾ’ ಎಂದಿದ್ದರೆ ನಮ್ಮ ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯದು.

1. ಪೂಸಾ ಶೀತಲ್: ಹೆಸರೇ ಹೇಳುವಂತೆ ಚಳಿಗಾಗಿಯೇ ತೆಗೆದ ತಳಿ. ರಾತ್ರಿ 8 ಡಿಗ್ರಿಗೆ ಇಳಿದರೂ ಕಾಯಿ ಕಚ್ಚುತ್ತದೆ. ಗಿಡ್ಡ ಗಿಡ.

2. ಪೂಸಾ ಸದಾಬಹಾರ್: ಇದೂ ಗಿಡ್ಡ ಗಿಡ. ಚಳಿಯಲ್ಲೂ ಸೆಕೆಯಲ್ಲೂ ಕಾಯಿ ಕಚ್ಚುವ ಗುಣವಿದೆ. ಜನವರಿಯ ಚಳಿ, ಏಪ್ರಿಲ್‌ನ ಬಿಸಿಲು ಎರಡನ್ನೂ ನೋಡಬೇಕಾದ ನಮ್ಮ ಬೆಳೆಗೆ ಇದು ಉಪಯುಕ್ತ.

3. ಅರ್ಕಾ ಆಭಾ, ಅರ್ಕಾ ಅಲೋಕ್: ಸೊರಗು ರೋಗ ತಡೆಯುವ ತಳಿಗಳು.

4. ಅರ್ಕಾ ರಕ್ಷಕ್, ಅರ್ಕಾ ಸಾಮ್ರಾಟ್: ಹೈಬ್ರಿಡ್. ಎಲೆ ಮುಟುರು, ಸೊರಗು, ಎಲೆಚುಕ್ಕೆ ಅಂಗಮಾರಿ ಮೂರನ್ನೂ ತಡೆಯುತ್ತವೆ. ಹಣ್ಣು ಸುಮಾರು 90ರಿಂದ 110 ಗ್ರಾಂ ತೂಗುತ್ತದೆ. ಮಾರುಕಟ್ಟೆಯಲ್ಲಿ ಬೇಡಿಕೆ ಇದೆ.

ಈಗ ಕೇಳ್ತೀರಿ, “ಇದರಲ್ಲಿ ಒಳ್ಳೇದು ಯಾವುದು ಹೇಳಿ ಅಕ್ಕಾ” ಅಂತ. ಅದಕ್ಕೆ ಒಂದೇ ಉತ್ತರ ಇಲ್ಲ. ನಿಮ್ಮ ಗದ್ದೆಯನ್ನೇ ಕೇಳಬೇಕು. ಮಲೆನಾಡಿನ ಹುಳಿ ಮಣ್ಣಿನಲ್ಲಿ ಸೊರಗು ರೋಗ ದೊಡ್ಡ ಶತ್ರು. ಹೋದ ವರ್ಷ ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಹಾಕಿದ ಜಾಗದಲ್ಲಿ ಹಸಿರಾಗಿದ್ದ ಗಿಡ ಇದ್ದಕ್ಕಿದ್ದಂತೆ ಬಾಡಿತ್ತೇ? ಅಂಥ ಗಿಡದ ಕಾಂಡವನ್ನು ಬುಡದ ಹತ್ತಿರ ಕತ್ತರಿಸಿ, ಗಾಜಿನ ಲೋಟದ ತಿಳಿ ನೀರಿನಲ್ಲಿ ಅಲುಗಾಡದಂತೆ ಹಿಡಿಯಿರಿ. ಸ್ವಲ್ಪ ಹೊತ್ತಿನಲ್ಲಿ ಹಾಲಿನಂಥ ಎಳೆ ಇಳಿದರೆ ಅದೇ ಸೊರಗು ರೋಗ. ಇದಕ್ಕೆ ಔಷಧಿ ಹೊಡೆದು ಪ್ರಯೋಜನವಿಲ್ಲ.

ಪೂಸಾ ಶೀತಲ್ ತಳಿಯನ್ನು ತೆಗೆದದ್ದು ಚಳಿಗಾಗಿ, ಸೊರಗು ರೋಗಕ್ಕಾಗಿ ಅಲ್ಲ. ಅರ್ಕಾ ತಳಿಗಳು ರೋಗ ತಡೆಯುತ್ತವೆ, ಆದರೆ ಕಡು ಚಳಿಯಲ್ಲಿ ಮೊದಲ ಗೊಂಚಲು ಉದುರಬಹುದು. ಆದ್ದರಿಂದ ಹೀಗೆ ಮಾಡಿ:

- ರೋಗ ಇಲ್ಲದ, ಚಳಿ ಹೆಚ್ಚಿರುವ ಗದ್ದೆಗೆ: ಪೂಸಾ ಶೀತಲ್ ಅಥವಾ ಸದಾಬಹಾರ್, ನವೆಂಬರ್ ಕೊನೆಗೆ.
- ರೋಗ ಕಂಡ ಜಾಗಕ್ಕೆ: ಅರ್ಕಾ ತಳಿ, ಹದಿನೈದು ದಿನ ತಡವಾಗಿ. ಆಗುವುದಾದರೆ ಎತ್ತರದ ಜಾಗದಲ್ಲಿ.
- ರೋಗವೂ ಇದೆ, ತಗ್ಗು ಗದ್ದೆಯೂ ಹೌದು ಎನ್ನುವವರು: ಈ ವರ್ಷ ಅಲ್ಲಿ ಟೊಮೆಟೊ ಬೇಡ. ಅಲಸಂದೆಯೋ ಬೀನ್ಸೋ ಹಾಕಿ. ಇದನ್ನು ಹೇಳಲು ನನಗೂ ಬೇಜಾರು, ಆದರೆ ಸಾಲ ಮಾಡಿ ಅಳುವುದಕ್ಕಿಂತ ಇದು ಮೇಲು.

ಬೀಜ ಕೊಳ್ಳುವಾಗ

ಪೊಟ್ಟಣದ ಮೇಲಿನ ಚಿತ್ರ ನೋಡಿ ಮರುಳಾಗಬೇಡಿ. ತಳಿಯ ಹೆಸರು, ಲಾಟ್ ನಂಬರ್, ಅವಧಿ ಮುಗಿಯುವ ತಾರೀಖು, ಮೊಳಕೆಯ ಪ್ರಮಾಣ ಓದಿ. ಪ್ರಮಾಣಿತ ಬೀಜವಾದರೆ ನೀಲಿ ಚೀಟಿ ಇರುತ್ತದೆ, ಕನಿಷ್ಠ ನೂರಕ್ಕೆ 70 ಮೊಳೆಯಬೇಕು. ‘ಇಷ್ಟು ದಿನಕ್ಕೆ ಕೊಯ್ಲು’ ಎಂದು ಬರೆದಿದ್ದರೆ ಅದು ಬಿತ್ತಿದ ದಿನದಿಂದಲೋ ನಾಟಿಯಿಂದಲೋ ಎಂದು ಕೇಳಿ. ರಸೀದಿ ಪಡೆಯದೆ ಬರಬೇಡಿ. ಖಾಲಿ ಪೊಟ್ಟಣವನ್ನೂ ಬೆಳೆ ಮುಗಿಯುವವರೆಗೆ ಇಟ್ಟುಕೊಳ್ಳಿ. ಬೀಜ ಕೈಕೊಟ್ಟರೆ ದೂರು ಕೊಡಲು ಅದೇ ಸಾಕ್ಷಿ.

ಹೈಬ್ರಿಡ್ ಹಣ್ಣಿನ ಬೀಜ ಉಳಿಸಿ ಮತ್ತೆ ಹಾಕಬೇಡಿ, ತಾಯಿಯಂತೆ ಮಗಳು ಬರೋದಿಲ್ಲ. ಪೂಸಾ ಶೀತಲ್, ಅರ್ಕಾ ಆಭಾದಂಥ ಸಾದಾ ತಳಿಗಳ ಬೀಜವನ್ನು ಒಳ್ಳೆಯ ಗಿಡದಿಂದ ಉಳಿಸಿಕೊಳ್ಳಬಹುದು. ಮೂರು ಅಡಿ ಸಾಲು, ಎರಡು ಅಡಿ ಅಂತರದಲ್ಲಿ ಗುಂಟೆಗೆ ಸುಮಾರು 180 ಗಿಡ ಹಿಡಿಯುತ್ತವೆ. ಹತ್ತು ಗುಂಟೆಗೆ 10 ಗ್ರಾಂ ಬೀಜ ಸಾಕು.

ಬಿತ್ತುವ ಮೊದಲು 50 ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಒಲೆಯಿಂದ ಸ್ವಲ್ಪ ದೂರ, ಬೆಚ್ಚಗಿರುವ ಕಡೆ ಇಡಿ. 35 ಮೊಳೆತರೆ ಧೈರ್ಯವಾಗಿ ಬಿತ್ತಿ. ಬಣ್ಣ ಹಚ್ಚಿದ ಬೀಜದಲ್ಲಿ ಔಷಧಿ ಇರುತ್ತದೆ, ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿ. ಸಸಿಮಡಿಯನ್ನು ಬಿಸಿಲು ಬೀಳುವ ಎತ್ತರದ ಜಾಗದಲ್ಲಿ ಮಾಡಿ. ರಾತ್ರಿ ಬಿದಿರಿನ ದಬ್ಬೆ ಬಗ್ಗಿಸಿ ಹಳೆ ಸೀರೆ ಅಥವಾ ಪ್ಲಾಸ್ಟಿಕ್ ಹೊದಿಸಿ, ಬೆಳಗ್ಗೆ ತೆಗೆಯಿರಿ. ನೀರು ಬೆಳಗ್ಗೆಯೇ ಕೊಡಿ. ಸಂಜೆ ಕೊಟ್ಟರೆ ಮಣ್ಣು ರಾತ್ರಿಯಿಡೀ ತಣ್ಣಗಿದ್ದು ಸಸಿಯ ಬುಡ ಕೊಳೆಯುತ್ತದೆ.

ಸಂಘದಲ್ಲಿ ಏನು ತೀರ್ಮಾನಿಸಬೇಕು?

ಎಲ್ಲರೂ ಒಂದೇ ತಳಿ, ಒಂದೇ ದಿನ ಹಾಕಬೇಡಿ. ಹೊಸ ತಳಿಯಾದರೆ ಮೊದಲು ಇಪ್ಪತ್ತು ಗಿಡ ಹಾಕಿ, ಮೊದಲ ಮೂರು ಗೊಂಚಲಿನಲ್ಲಿ ಎಷ್ಟು ಕಾಯಿ ನಿಂತಿತು ಎಂದು ಎಣಿಸಿ ಪುಸ್ತಕದಲ್ಲಿ ಬರೆಯಿರಿ. ಮುಂದಿನ ವರ್ಷ ಅಂಗಡಿಯವರ ಮಾತಿಗಿಂತ ಆ ಪುಸ್ತಕ ಹೆಚ್ಚು ಕೆಲಸಕ್ಕೆ ಬರುತ್ತದೆ. ಸಾಲದ ಕಂತನ್ನೂ ಬೆಳೆಗೆ ಹೊಂದಿಸಿ: ಮಾರ್ಚ್‌ವರೆಗೆ ಬಡ್ಡಿ ಮಾತ್ರ, ಕೊಯ್ಲು ಶುರುವಾದ ಮೇಲೆ ಅಸಲು. ಇದನ್ನು ಬಾಯಿಮಾತಲ್ಲಿ ಬಿಡದೆ ನಿರ್ಣಯ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಹಾಕಿ.

ಬಿತ್ತುವವನ ಸಾಮತಿ ನಮ್ಮಲ್ಲಿ ಅನೇಕರಿಗೆ ಗೊತ್ತು. ಅಲ್ಲಿ ಬೀಜ ಒಂದೇ, ಬಿದ್ದ ನೆಲ ಬೇರೆ ಬೇರೆ. ನಮಗಾದರೋ ಬೀಜವನ್ನೂ ಆರಿಸುವ ಅವಕಾಶವಿದೆ. ನೆಲ ನೋಡಿ ಬೀಜ ಆರಿಸೋಣ, ಕಾಲ ನೋಡಿ ಬಿತ್ತೋಣ. ಮುಂದಿನ ಸಭೆಗೆ ಬರುವಾಗ ಪ್ರತಿ ಸಂಘದವರೂ ನಿಮ್ಮ ಗದ್ದೆಯಲ್ಲಿ ಸೊರಗು ರೋಗ ಇದೆಯೋ ಇಲ್ಲವೋ ನೋಡಿಕೊಂಡು ಬನ್ನಿ. ಬೀಜದ ಪಟ್ಟಿಯನ್ನು ಅಂದೇ ಮಾಡೋಣ.