ಕನ್ನಡ ಸೇರಿಸಲು ಪ್ರೋಗ್ರಾಂ ಒಡೆಯಬೇಕಿಲ್ಲ



"ಪ್ರೋಗ್ರಾಂ ಆಗಲೇ ತಯಾರಾಗಿದೆ, ಈಗ ಕನ್ನಡ ಬೇಕೆಂದರೆ ಪೂರ್ತಿ ಹೊಸದಾಗಿ ಬರೆಯಬೇಕು" ಎಂಬ ನೆಪ ನಾವೆಲ್ಲ ಕೇಳಿದ್ದೇವೆ. ಜಾವಾದಲ್ಲಿ ಸರಿಯಾಗಿ ಕಟ್ಟಿದ ತಂತ್ರಾಂಶಕ್ಕೆ ಈ ಮಾತು ಸಲ್ಲದು.

ಮೊಳೆ ಜೋಡಿಸುತ್ತಿದ್ದ ಕಾಲದ ಪ್ರೆಸ್ಸಿನಲ್ಲಿ ಇದ್ದಬದ್ದ ಕೇಸುಗಳನ್ನೆಲ್ಲ ಹರಡಿಕೊಂಡು ಕೂರುತ್ತಿರಲಿಲ್ಲ. ಬೇಕಾದದ್ದನ್ನು ಬೇಕಾದಾಗ ಎಳೆದುಕೊಳ್ಳುತ್ತಿದ್ದರು. ಜಾವಾದ ರೀತಿಯೂ ಅದೇ. ಪ್ರೋಗ್ರಾಂ ಓಡುತ್ತಿರುವಾಗಲೇ 'ಕ್ಲಾಸ್ ಲೋಡರ್' ಬೇಕಾದ ಕ್ಲಾಸನ್ನು ಹೆಸರು ಹಿಡಿದು ಹುಡುಕಿ ತರುತ್ತದೆ. ಭಾಷೆಗೆಂದೇ 1997ರ ಜಾವಾ 1.1ರಿಂದ 'ರಿಸೋರ್ಸ್ ಬಂಡಲ್' ಇದೆ. ಪರದೆಯ ಮಾತುಗಳನ್ನು ಬೇರೆ ಕಡತದಲ್ಲಿಟ್ಟು, ಕನ್ನಡದ ಕಡತದ ಹೆಸರಿಗೆ 'ಕೆಎನ್' ಎಂಬ ಸಂಕೇತ ಸೇರಿಸಿದರೆ, ಕನ್ನಡ ಆರಿಸಿಕೊಂಡವರಿಗೆ ಅದೇ ಲೋಡ್ ಆಗುತ್ತದೆ. 2006ರ ಜಾವಾ 6ರಲ್ಲಿ ಬಂದ 'ಸರ್ವಿಸ್ ಲೋಡರ್' ಬಳಸಿದರೆ, ಮೂಲ ಪ್ರೋಗ್ರಾಂ ಮುಟ್ಟದೆ ಕನ್ನಡದ ಅಕಾರಾದಿ ಜೋಡಣೆ, ಕಾಗುಣಿತ ತಪಾಸಣೆಯಂಥ ಭಾಗಗಳನ್ನೂ ಸೇರಿಸಬಹುದು.

ಒಂದು ಎಚ್ಚರ ಬೇಕು. ಕನ್ನಡದ ಕಡತ ಸಿಗದಿದ್ದರೆ ಜಾವಾ ದೂರುವುದಿಲ್ಲ. ಸದ್ದಿಲ್ಲದೆ ಇನ್ನೊಂದು ಕಡತಕ್ಕೆ, ಸಾಮಾನ್ಯವಾಗಿ ಇಂಗ್ಲಿಷಿಗೆ, ಜಾರಿಕೊಳ್ಳುತ್ತದೆ. ಕನ್ನಡ ಬಿಟ್ಟುಹೋದದ್ದು ಯಾರ ಗಮನಕ್ಕೂ ಬರುವುದಿಲ್ಲ.

ಆದ್ದರಿಂದ ತಂತ್ರಾಂಶ ಕೊಳ್ಳುವ ಪ್ರತಿ ಕಚೇರಿಯ ಮುಂದೆ ನಾವು ಕೇಳೋಣ: ಟೆಂಡರಿನಲ್ಲೇ ಕನ್ನಡದ ಕಡತ ಕಡ್ಡಾಯವಾಗಲಿ. ಪರದೆಯಲ್ಲಿ ಕನ್ನಡ ಕಂಡ ಮೇಲೆಯೇ ಬಿಲ್ಲು ಪಾಸಾಗಲಿ.

ಜೈ ಕರ್ನಾಟಕ!