ರಾಜ ಬದಲಾದ, ಹೊಲದ ಗತಿ ಏನು?

ನರಗುಂದ ತಾಲ್ಲೂಕಿನ ಶಿರೋಳದಿಂದ ಮಾತಾಡ್ತಿದ್ದೀನಿ. ನರಗುಂದ ಅಂದ ಕೂಡಲೇ 1858ರ ಬಾಬಾಸಾಹೇಬರು ನೆನಪಾಗ್ತಾರೆ, ಇಲ್ಲಾ 1980ರ ರೈತ ಬಂಡಾಯ. ಇವತ್ತು ಅದಕ್ಕಿಂತ ಬಹಳ ಹಿಂದಕ್ಕೆ ಹೋಗೋಣ. ನಮ್ಮ ಸುತ್ತಲಿನ ಎರೆ ಸೀಮೆಯಲ್ಲಿ ಅಣ್ಣಿಗೇರಿ, ಗದಗ, ಲಕ್ಕುಂಡಿ ಕಡೆಯ ನಾಡಿಗೆ ಆಗ ಬೆಳ್ವೊಲ-300 ಅಂತ ಹೆಸರು. ಅತ್ತ ರೋಣದ ಸೂಡಿ ಕಡೆ ಕಿಸುಕಾಡು-70. ಜೋಳ ಬೆಳೆಯೋ ಭೂಮಿ, ಅದಕ್ಕೇ ಎಲ್ಲ ರಾಜರ ಕಣ್ಣೂ ಇದರ ಮೇಲೆ.

ಈ ನಾಡುಗಳನ್ನ ಉಡುಗೊರೆ ಹಂಗ ಕೊಟ್ಟದ್ದೂ ಉಂಟು. 949ರ ಸುಮಾರು ತಕ್ಕೋಲದ ಯುದ್ಧದಲ್ಲಿ ಗಂಗರ ಬೂತುಗ ಚೋಳ ರಾಜಕುಮಾರ ರಾಜಾದಿತ್ಯನನ್ನ ಕೊಂದ. ರಾಷ್ಟ್ರಕೂಟ ದೊರೆ ಮೂರನೇ ಕೃಷ್ಣ ಖುಷಿಯಾಗಿ ಬನವಾಸಿ, ಬೆಳ್ವೊಲ, ಪುಲಿಗೆರೆ, ಕಿಸುಕಾಡು, ಬಾಗೆನಾಡು ಎಲ್ಲಾ ಅವನಿಗೆ ಕೊಟ್ಟುಬಿಟ್ಟ. ಇದು ಬರೆದಿರೋದು ಎಲ್ಲಿ ಗೊತ್ತೇನ್ರಿ? ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲಿನ ಮೇಲೆ. ಕಾಡುಹಂದಿ ಜೊತೆ ಹೋರಾಡಿ ಸತ್ತ ಕಾಳಿ ಅನ್ನೋ ನಾಯಿಗೆ ನಿಲ್ಲಿಸಿದ ಕಲ್ಲು ಅದು! ನಮ್ಮ ಸೀಮೆ ಯಾರ ಪಾಲಾಯ್ತು ಅನ್ನೋ ಸುದ್ದಿ ಒಂದು ನಾಯಿಯ ವೀರಗಲ್ಲಿನಲ್ಲಿ ಉಳಿದಿದೆ.

ಬೂತುಗನ ಹೆಸರಿನ ಜೊತೆ ಅಣ್ಣಿಗೇರಿಯ ಒಂದು ಬಸದಿಯೂ ಸೇರಿಕೊಂಡಿದೆ. ಗಾವರವಾಡದ ಶಾಸನ ಅದರ ಮುಂದಿನ ಕಥೆ ಹೇಳ್ತದೆ. ಅಷ್ಟೊತ್ತಿಗೆ ಕಲ್ಯಾಣ ಚಾಲುಕ್ಯರ ಆಳ್ವಿಕೆ. ಚೋಳರು ನುಗ್ಗಿ ಬಸದಿಗಳನ್ನ ಸುಟ್ಟರು. ಆ ಚೋಳ ರಾಜ ಯುದ್ಧದಲ್ಲಿ ತಲೆ ಕಳಕೊಂಡ ಅಂತ ಶಾಸನ ಸಮಾಧಾನ ಪಟ್ಟುಕೊಳ್ತದೆ. ಆದರೆ ಬಸದಿಯ ಹೊಲಗಳ ಗತಿ? 1071ರಲ್ಲಿ ಲಕ್ಷ್ಮರಸ ಅನ್ನೋ ಮಹಾಮಂಡಲೇಶ್ವರ ಜೀರ್ಣೋದ್ಧಾರ ಮಾಡಿಸಿ, ದಾನವನ್ನ ಮತ್ತೆ ಊರ್ಜಿತ ಮಾಡಿದ. (ಇದು ನಮ್ಮೊಬ್ಬರ ಪಾಡಲ್ಲ. ಅದೇ 1071ರಲ್ಲಿ ಇಟಲಿಯ ದಕ್ಷಿಣದ ಬಾರಿ ಪಟ್ಟಣ ಬೈಜಾಂಟೈನರಿಂದ ನಾರ್ಮನ್ನರ ಕೈಗೆ ಹೋಯ್ತು. ಅಲ್ಲಿಯ ರೈತರೂ ಇನ್ನು ಯಾರಿಗೆ ಕಂದಾಯ ಕೊಡೋದಪ್ಪಾ ಅಂತ ಕೇಳಿರಬೇಕು.)

ಆಮೇಲೆ ಕಳಚುರಿ ಬಿಜ್ಜಳ ಬಂದ, ಮತ್ತೆ ಸ್ವಲ್ಪ ದಿನ ಚಾಲುಕ್ಯರು. ನಂಗೆ ಬಹಳ ಕುತೂಹಲ ಅನ್ನಿಸೋದು 1190ರ ದಶಕದ ಶುರು. ಉತ್ತರದಿಂದ ಸೇವುಣರ ಭಿಲ್ಲಮ, ದಕ್ಷಿಣದಿಂದ ಹೊಯ್ಸಳ ವೀರಬಲ್ಲಾಳ. ಇಬ್ಬರಿಗೂ ಬೆಳ್ವೊಲ ಬೇಕು. ಗದಗದ ಹತ್ತಿರದ ಸೊರಟೂರಿನಲ್ಲಿ ಸೇವುಣರು ಸೋತರು, ಬಲ್ಲಾಳ ಲಕ್ಕುಂಡಿಯಲ್ಲಿ ಬೀಡುಬಿಟ್ಟ. ಈಗ ಗದಗದ ತ್ರಿಕೂಟೇಶ್ವರದ ಶಾಸನಗಳನ್ನ ನೋಡ್ರಿ. 1191ರಲ್ಲಿ ದೇವರಿಗೆ ದಾನ ಕೊಟ್ಟವನು ಭಿಲ್ಲಮ. 1192ರಲ್ಲಿ ಅದೇ ದೇವರಿಗೆ ದಾನ ಕೊಟ್ಟವನು ಬಲ್ಲಾಳ! ಒಂದೂವರೆ ವರ್ಷದ ಒಳಗೆ ಇಬ್ಬರು ವೈರಿಗಳು, ಒಂದೇ ಗುಡಿ. ಮುಂದೆ ಸಿಂಘಣನ ಕಾಲಕ್ಕೆ ಸೇವುಣರೇ ವಾಪಸ್ ಬಂದರು.

ಇದನ್ನ ಬರೀ ಭಕ್ತಿ ಅಂತ ನಾನು ಒಪ್ಪಲ್ಲ. ದೊಡ್ಡ ಗುಡಿ ಅಂದ್ರೆ ಹೊಲ, ಪಾಠಶಾಲೆ, ಅನ್ನಛತ್ರ, ಊರ ಹಿರಿಯರು, ಎಲ್ಲಾ ಸೇರಿದ ವ್ಯವಸ್ಥೆ. ಅಲ್ಲಿ ದಾನ ಕೊಟ್ಟರೆ 'ಇನ್ನು ಮುಂದೆ ನಾನೇ ನಿಮ್ಮ ರಾಜ' ಅಂತ ಸಾರಿದ ಹಾಗೆ. ಊರವರಿಗೂ ಅದು ಬೇಕಿತ್ತು, ಹಳೇ ದಾನ ಹೊಸ ರಾಜ ನಡೆಸದಿದ್ದರೆ ಗುಡಿಯನ್ನ ನಂಬಿದವರ ಬದುಕು ಬೀದಿಗೆ ಬೀಳ್ತಿತ್ತು.

ಅದಕ್ಕೇ ದಾನಶಾಸನಗಳ ಕೊನೆಯ ಸಾಲುಗಳನ್ನ ತಪ್ಪಿಸಬೇಡ್ರಿ. ತಾನು ಕೊಟ್ಟದ್ದಾಗಲಿ, ಬೇರೆಯವರು ಕೊಟ್ಟದ್ದಾಗಲಿ, ಭೂಮಿ ಕಸಿದವನು ಅರವತ್ತು ಸಾವಿರ ವರ್ಷ ಹೊಲಸಿನಲ್ಲಿ ಹುಳುವಾಗಿ ಹುಟ್ಟುತ್ತಾನೆ ಅನ್ನೋ ಶಾಪ ಬಹಳ ಕಡೆ ಇದೆ. ಆ 'ಬೇರೆಯವರು' ಅನ್ನೋದು ಸುಮ್ಮನೆ ಬಂದಿಲ್ಲ. ಇನ್ನು ಕೆಲವು ಶಾಸನಗಳಲ್ಲಿ ಬೆದರಿಕೆ ಬದಲು ಬೇಡಿಕೆ ಇರ್ತದೆ: ಮುಂದೆ ಬರೋ ರಾಜರು ನನ್ನ ವಂಶದವರೇ ಇರಲಿ, ಪರವಂಶದವರೇ ಇರಲಿ, ಈ ಧರ್ಮ ಕಾಪಾಡುವವರಿಗೆ ನಾನು ಕೈ ಮುಗಿಯುತ್ತೇನೆ. ಸಿಂಹಾಸನದ ಮೇಲೆ ಕೂತವನು, ತನ್ನ ನಂತರ ಇದೇ ನೆಲವನ್ನ ಗೆದ್ದುಕೊಳ್ಳೋ ಅಪರಿಚಿತನಿಗೆ ಕೈ ಮುಗಿತಿದ್ದಾನೆ ನೋಡ್ರಿ.